ಒರಳುಕಲ್ಲಿನ ಮೊಕದ್ದಮೆ

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬರಲಿರುವ ಹೊಸ ದಂಪತಿ ಮೊನ್ನೆ ಕರಾರುಪತ್ರ ತಂದು ನನ್ನ ಮುಂದಿಟ್ಟರು. ಏಳು ಪುಟ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಚ್ಚಲಿನ ಕೊಳಾಯಿ ಬದಲಾಯಿಸುವಂತಿಲ್ಲ, ತಾರಸಿಯ ಮೇಲೆ ಹಪ್ಪಳ ಒಣಗಿಸುವುದಾದರೆ ಮುಂಚಿತವಾಗಿ ತಿಳಿಸತಕ್ಕದ್ದು ಎಂದೆಲ್ಲ ಇತ್ತು. ನಾನು ಹೇಳಿ ಬರೆಸಿದ್ದಲ್ಲ, ಮನೆ ತೋರಿಸಿದ ದಲ್ಲಾಳಿ ಎಲ್ಲರಿಗೂ ಇದನ್ನೇ ಕೊಡುತ್ತಾನಂತೆ. ಕನ್ನಡಕ ಹಾಕಿಕೊಂಡು ಮೂರು ಪುಟ ಓದಿದೆ. ಆಮೇಲೆ ಆ ಹುಡುಗಿಗೆ ಕಾಫಿ ಕೊಟ್ಟು, ಹಪ್ಪಳ ಒಣಗಿಸಲು ನನ್ನ ಅಪ್ಪಣೆ ಬೇಕಿಲ್ಲವೆಂದು ಹೇಳಿ ಸಹಿ ಹಾಕಿದೆ. ಅವರು ಹೋದ ಮೇಲೆ ನೆನಪಾದದ್ದು ನಮ್ಮ ಅಪ್ಪ ಬರೆಸಿಕೊಂಡಿದ್ದ ಕರಾರು.

ಅದು ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿತ್ತು. ಅದರಲ್ಲಿದ್ದದ್ದು ಎರಡೇ ಮಾತು: ಬಾಡಿಗೆಗೆ ಬಂದ ಪಂಡಿತರು ತಮಗೆ ಅನುಕೂಲವಿರುವಷ್ಟು ಕಾಲ ಮನೆಯಲ್ಲಿರಬಹುದು, ಮಾಲೀಕರಿಗೆ ಬೇಕಾದಾಗ ಬಿಟ್ಟುಕೊಡಬೇಕು. ಇಬ್ಬರೂ ಸಂತೋಷವಾಗಿ ಸಹಿ ಹಾಕಿದ್ದರು. ಮುಂದೆ ಪಂಡಿತರಿಗೆ ಮೊದಲನೆಯ ಮಾತು ಮಾತ್ರ ನೆನಪಿತ್ತು, ಅಪ್ಪನಿಗೆ ಎರಡನೆಯದು ಮಾತ್ರ. ಮನೆ ಬಾಡಿಗೆಗೆ ಕೊಟ್ಟವರೆಲ್ಲರ ಕಷ್ಟವೂ ಹೆಚ್ಚುಕಡಿಮೆ ಇಷ್ಟೇ ಎಂದು ಈಗ ನನಗೆ ಅನ್ನಿಸುತ್ತದೆ.

ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿತ್ತು. ಅಜ್ಜ ಕಟ್ಟಿಸಿದ್ದು, ಅಪ್ಪನಿಗೆ ಬಂದದ್ದು. ಅಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಕಾಗದನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ನಾವು ಅಲ್ಲಿಗೆ ಹೋದೆವು, ದುರ್ಗಿಗುಡಿಯ ಮನೆ ಖಾಲಿಯಾಯಿತು. ಆ ಕಾಲದಲ್ಲಿ ಮನೆ ಖಾಲಿಯಾಗುವುದೆಂದರೆ ಹೆಣ್ಣು ದೊಡ್ಡವಳಾದ ಹಾಗೆ, ಊರಿಗೆಲ್ಲ ಗೊತ್ತಾಗುವ ಮೊದಲೇ ಏನಾದರೂ ಮಾಡಬೇಕಿತ್ತು. ಖಾಲಿ ಮನೆಯ ಸುದ್ದಿಯನ್ನು ಮಾಲೀಕರು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನಿತ್ತು. ತಿಳಿಸಿದರೆ ಸರ್ಕಾರ ತನ್ನ ನೌಕರರಲ್ಲಿ ಒಬ್ಬರನ್ನು ಅಲ್ಲಿ ಕೂರಿಸಬಹುದಿತ್ತು. ಯಾರು ಬರುತ್ತಾರೋ, ಎಂದು ಹೋಗುತ್ತಾರೋ ಹೇಳುವ ಹಾಗಿರಲಿಲ್ಲ. ಅದಕ್ಕೇ ನಮ್ಮ ಬೀದಿಯ ಖಾಲಿ ಮನೆಗಳ ಹಿತ್ತಲಲ್ಲಿ ಸದಾ ಒಂದು ಪಂಚೆ ಒಣಗುತ್ತಿರುತ್ತಿತ್ತು. ಪಕ್ಕದ ಮನೆಯವರು ಬೆಳಿಗ್ಗೆ ಅದನ್ನು ನೆನೆಸಿ ಹಾಕುವರು, ಸಂಜೆ ತೆಗೆಯುವರು. ಮನೆಯಲ್ಲಿ ಜನರಿದ್ದಾರೆಂದು ತೋರಿಸುವುದಕ್ಕೆ ಅಷ್ಟು ಸಾಕಿತ್ತು. ನಮ್ಮ ಅಜ್ಜನ ಒಂದು ಪಂಚೆ ಅವನು ತೀರಿಕೊಂಡ ಮೇಲೂ ಎರಡು ವಾರ ಹೀಗೆ ಸಂಸಾರ ಮಾಡಿತು.

ಅಪ್ಪನಿಗೆ ಈ ಪಂಚೆಯ ನಾಟಕ ಹೆದರಿಕೆ ತಂದಿತು. ಯಾರಾದರೂ ಮರ್ಯಾದಸ್ಥರು ಸಿಕ್ಕಿದರೆ ಸಾಕೆಂದು ಅವನು ಹುಡುಕುತ್ತಿರುವಾಗ ಹೈಸ್ಕೂಲಿನ ಸಂಸ್ಕೃತ ಪಂಡಿತರು, ಸೀತಾರಾಮಯ್ಯ, ಮನೆ ನೋಡಲು ಬಂದರು. ಒಬ್ಬರೇ ಬಂದರು. ಬಾವಿಯ ನೀರು ಕುಡಿದು ನೋಡಿ, ಸಿಹಿಯಾಗಿದೆ ಎಂದರು. ಅಪ್ಪ ಅಲ್ಲೇ ಒಪ್ಪಿಕೊಂಡ. ವಾಸಕ್ಕೆ ಬರುವಾಗ ಅವರ ಜೊತೆ ಹೆಂಡತಿ ಸಾವಿತ್ರಮ್ಮ, ತಾಯಿ, ಆರು ಮಕ್ಕಳು, ಒಂದು ಹಸು ಬಂದವು. ಹಸುವಿನ ವಿಷಯ ಕರಾರಿನಲ್ಲಿರಲಿಲ್ಲ, ಆದ್ದರಿಂದ ಅಪ್ಪ ಏನೂ ಹೇಳಲಾಗಲಿಲ್ಲ.

ಇನ್ನು ಒರಳಿನ ವಿಷಯ. ದುರ್ಗಿಗುಡಿಯ ಅಡುಗೆಮನೆಯ ಮೂಲೆಯಲ್ಲಿ ಅಮ್ಮನ ಒರಳುಕಲ್ಲು ನೆಲದಲ್ಲಿ ಹೂತಿತ್ತು. ಊರು ಬಿಡುವಾಗ ಅಮ್ಮ ಅದನ್ನು ಕೀಳಿಸಿ ಗಾಡಿಗೆ ಹಾಕಿಸಿದಳು. ಆ ಗುಂಡಿಯನ್ನು ಅಪ್ಪ ತನ್ನ ಕೈಯಾರೆ ಸಿಮೆಂಟು ಹಾಕಿ ಮುಚ್ಚಿ, ಮೇಲೆ ಕೆಂಪು ಬಣ್ಣ ಬಳಿದು, ಗೊತ್ತೇ ಆಗದ ಹಾಗೆ ಮಾಡಿದ್ದೇನೆಂದು ಬಂದವರಿಗೆಲ್ಲ ತೋರಿಸಿದ. ತೋರಿಸಿದ್ದರಿಂದಲೇ ಎಲ್ಲರಿಗೂ ಗೊತ್ತಾಯಿತು.

ಕ್ವಾರ್ಟರ್ಸಿನಲ್ಲಿ ನೆಲ ಅಗೆಯುವಂತಿರಲಿಲ್ಲ. ಒರಳು ಹಿತ್ತಲಿನ ನಲ್ಲಿಯ ಪಕ್ಕದಲ್ಲಿ ಕೂತಿತು. ಹೂಳದ ಒರಳು ರುಬ್ಬುವಾಗ ಕುಲುಕುತ್ತದೆ. ಗುಂಡು ತಿರುಗಿಸಬೇಕೋ ಕಲ್ಲು ಹಿಡಿದುಕೊಳ್ಳಬೇಕೋ ತಿಳಿಯುವುದಿಲ್ಲ. ಅಮ್ಮ ಪಕ್ಕದ ಮನೆಯ ತಮಿಳಿನವರಿಂದ ಒಂದು ಸಣ್ಣ ಕಲ್ಲು ಕೊಂಡಳು. ಅವರ ಜೊತೆ ವ್ಯವಹಾರ ಮಾಡುತ್ತ ತಮಿಳೂ ಕಲಿತಳು, ಆರು ತಿಂಗಳಲ್ಲಿ ನಲ್ಲಿಯ ಸರದಿಗಾಗಿ ತಮಿಳಿನಲ್ಲೇ ಜಗಳ ಮಾಡುವಷ್ಟು. ಕನ್ನಡದ ಒಂದಕ್ಷರವೂ ಓದಲು ಬಾರದ ನಮ್ಮಮ್ಮನಿಗೆ ಮಾತು ಮಾತ್ರ ಎಲ್ಲಿ ಹೋದರೂ ಬರುತ್ತಿತ್ತು.

ಒಂದು ಸಲ ಅಪ್ಪ ಕಾರ್ಖಾನೆಯ ಕೆಲಸದ ಮೇಲೆ ವಾರದ ಮಟ್ಟಿಗೆ ಪರವೂರಿಗೆ ಹೋಗಿದ್ದ. ಶಿವಮೊಗ್ಗಕ್ಕೆ ಹುಲ್ಲಿನ ಗಾಡಿಯೊಂದು ಹೊರಟಿತ್ತು. ಅಮ್ಮ ಗಾಡಿಯವನಿಗೆ ತಿಂಡಿ ಕೊಟ್ಟು, ಒರಳನ್ನು ಹತ್ತಿಸಿ, ನನ್ನನ್ನೂ ಅದರ ಪಕ್ಕದಲ್ಲಿ ಕೂರಿಸಿದಳು.

"ಸಾವಿತ್ರಮ್ಮಂಗೆ ಹೇಳು. ಮೊದ್ಲು ಎಲ್ಲಿತ್ತೋ ಅಲ್ಲೇ ಹೂಳಿಸ್ಕೊಳ್ಳಿ ಅಂತ. ಒಂಬತ್ತು ಜನಕ್ಕೆ ಆ ಹುಡುಗಿ ಯಾವ ಕಲ್ಲಲ್ಲಿ ರುಬ್ಬುತ್ತೋ ಏನೋ. ಇಲ್ಲಿ ಸುಮ್ನೆ ಬಿಸಿಲಿಗೆ ಬಿದ್ದಿದೆ."

"ಅಪ್ಪಂಗೆ?"

"ಅವ್ರು ಹಾಕಿದ ಸಿಮೆಂಟು ಒಡೀಬೇಕಾಗುತ್ತಲ್ಲ, ಬೇಜಾರು ಮಾಡ್ಕೋತಾರೆ. ನಾನೇ ಯಾವಾಗ್ಲಾದ್ರೂ ಹೇಳ್ತೀನಿ."

ಒರಳು ಹೋಗಿ ತನ್ನ ಹಳೆಯ ಗುಂಡಿಯಲ್ಲಿ ಕೂತಿತು. ಸಾವಿತ್ರಮ್ಮನ ಅತ್ತೆ ಮಹಾ ಮಡಿಯವರು. ನಮ್ಮ ಲಿಂಗಾಯತರ ಮನೆಯ ಕಲ್ಲಿಗೆ ಏಳು ಕೊಡ ನೀರು ಹೊಯ್ಯಿಸಿ, ಸಗಣಿ ಸಾರಿಸಿ, ಆಮೇಲೆ ಅಕ್ಕಿ ಹಾಕಿಸಿದರಂತೆ. ಇದನ್ನು ನಾನು ಬಂದು ಹೇಳಿದಾಗ ಅಮ್ಮ ನಕ್ಕಳು. "ಒಳ್ಳೇದೇ ಆಯ್ತು ಬಿಡು, ನಾನು ಅಷ್ಟು ಚೆನ್ನಾಗಿ ಯಾವತ್ತೂ ತೊಳ್ದಿರ್ಲಿಲ್ಲ" ಎಂದಳು. ಊರಿನಿಂದ ಬಂದ ಅಪ್ಪ ನಲ್ಲಿಯ ಪಕ್ಕ ಕಲ್ಲಿಲ್ಲದ್ದನ್ನು ಗಮನಿಸಲೇ ಇಲ್ಲ. ಗಂಡಸರಿಗೆ ರುಬ್ಬಿದ್ದು ತಟ್ಟೆಗೆ ಬಂದರಾಯಿತು, ಕಲ್ಲು ಎಲ್ಲಿದೆಯೆಂದು ನೋಡುವ ಅಭ್ಯಾಸವಿಲ್ಲ.

ನಾನು ಕಾಲೇಜು ಸೇರಿದ್ದು ಶಿವಮೊಗ್ಗದಲ್ಲಿ. ಬೆಳಿಗ್ಗೆ ಭದ್ರಾವತಿಯಿಂದ ರೈಲು, ಸಂಜೆ ವಾಪಸ್ಸು. ನಡುವೆ ಮಧ್ಯಾಹ್ನದ ಬಿಡುವಿನಲ್ಲಿ ದುರ್ಗಿಗುಡಿಗೆ ಹೋಗಿ ಪಂಡಿತರ ಮನೆಯ ನಡುಮನೆಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಅಡುಗೆಮನೆಗೆ ನನಗೆ ಪ್ರವೇಶವಿರಲಿಲ್ಲ, ನಮ್ಮದೇ ಮನೆಯ ಅಡುಗೆಮನೆಯಾದರೂ. ಆದರೆ ಒಳಗಿಂದ ದೋಸೆ ಬರುತ್ತಿತ್ತು.

"ಪಾರ್ವತೀ, ಡಬ್ಬಿ ಮುಚ್ಚು ಮಾರಾಯ್ತಿ, ಆರಿದ್ ರೊಟ್ಟಿ ಎಷ್ಟ್ ದಿನ ತಿಂತೀಯ" ಎನ್ನುತ್ತ ಸಾವಿತ್ರಮ್ಮ ಬಾಗಿಲಿಗೆ ಬಂದು ಬಡಿಸುತ್ತಿದ್ದರು. ಆ ದೋಸೆಯ ಹಿಟ್ಟು ಯಾವ ಕಲ್ಲಿನಲ್ಲಿ ರುಬ್ಬಿದ್ದೆಂದು ನನಗೆ ಪ್ರತಿ ಸಲವೂ ಗೊತ್ತಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿಯೇ ಹೇಳಿಬಿಡಬೇಕು, ಏಕೆಂದರೆ ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಅಪ್ಪನ ನಿವೃತ್ತಿಗೆ ಒಂದು ವರ್ಷ ಉಳಿಯಿತು. ನಿವೃತ್ತಿಯಾದ ಮೇಲೆ ಮೂರು ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕು. ನಮಗಿದ್ದದ್ದು ದುರ್ಗಿಗುಡಿಯ ಮನೆಯೊಂದೇ. ಬೇರೆ ಬಾಡಿಗೆ ಮನೆ ಹಿಡಿಯೋಣವೆಂದರೆ ಶಿವಮೊಗ್ಗದಲ್ಲಿ ಸಿಗುತ್ತಿರಲಿಲ್ಲ. ಎಲ್ಲ ಮನೆಗಳಲ್ಲೂ ಯಾರೋ ಒಬ್ಬರು ಪಂಡಿತರು ಕೂತಿದ್ದರು. ಅಪ್ಪ ಮೊದಲು ಬಾಯಲ್ಲಿ ಕೇಳಿದ. ಪಂಡಿತರು, ನೋಡೋಣ, ಎಂದರು. ಅವರ ಕಷ್ಟವೂ ಸುಳ್ಳಲ್ಲ. ಆರು ಮಕ್ಕಳು ಎಂದ ತಕ್ಷಣ ಮನೆ ಮಾಲೀಕರು ಬಾಗಿಲು ಹಾಕಿಕೊಳ್ಳುತ್ತಿದ್ದರು, ಹಸುವಿನ ಮಾತು ಬರುವವರೆಗೆ ಯಾರೂ ಕಾಯುತ್ತಿರಲಿಲ್ಲ.

ಆಗ ಶುರುವಾದದ್ದು ನನ್ನ ಬರವಣಿಗೆ. ನನ್ನ ಅಕ್ಷರ ದುಂಡಗಿತ್ತು, ಅಪ್ಪನಿಗೆ ಕಾರ್ಖಾನೆಯಿಂದ ತುಂಡು ಕಾಗದ ಬೇಕಾದಷ್ಟು ಬರುತ್ತಿತ್ತು. ಪಂಡಿತರಿಗೆ ಹೋದ ನೋಟೀಸುಗಳನ್ನೆಲ್ಲ ನಾನೇ ಬರೆದೆ. ಕ್ಷೇಮ ಸಮಾಚಾರದಿಂದ ಪ್ರಾರಂಭಿಸಿ, ಋತುವರ್ಣನೆಗೆ ಸ್ವಲ್ಪ ಜಾಗ ಕೊಟ್ಟು, ಕೊನೆಯಲ್ಲಿ ಮನೆ ಖಾಲಿ ಮಾಡತಕ್ಕದ್ದು ಎಂದು ಮುಗಿಸುತ್ತಿದ್ದೆ. ಅಂಚೆ ಖರ್ಚು ಯಾಕೆಂದು ಅಪ್ಪ ಅವನ್ನು ನನ್ನ ಕೈಯಲ್ಲೇ ಕಳಿಸುತ್ತಿದ್ದ. ಹೀಗಾಗಿ ನೋಟೀಸು ಕೊಟ್ಟು, ದೋಸೆ ತಿಂದು, ಸಂಜೆ ರೈಲು ಹಿಡಿಯುವುದು ನನ್ನ ಪದ್ಧತಿಯಾಯಿತು. ಪಂಡಿತರು ಪ್ರತಿಯೊಂದಕ್ಕೂ ಉತ್ತರ ಬರೆದರು: ಪತ್ರ ತಲುಪಿತು, ಓದಿ ಆನಂದವಾಯಿತು, ವಿಷಯವನ್ನು ಯೋಚಿಸಿ ತಿಳಿಸುತ್ತೇನೆ. ನನ್ನ ಬರಹಕ್ಕೆ ಅಂಥ ಓದುಗರು ಮತ್ತೆ ಸಿಗಲಿಲ್ಲ.

ಕೊನೆಗೆ ಅಪ್ಪ ವಕೀಲರ ಹತ್ತಿರ ಹೋದ. ಹೈರಾಣಾದ ಮನೆ ಮಾಲೀಕರನ್ನು ನೋಡಿ ನೋಡಿ ಅಭ್ಯಾಸವಾಗಿದ್ದ ವಕೀಲರು ಅವರು. ಕಾಗದ ಪತ್ರ ಹಿಡಿದುಕೊಂಡು ನಾನೂ ಹೋಗಿದ್ದೆ.

"ಸ್ವಂತ ವಾಸಕ್ಕೆ ಬೇಕು ಅಂತ ಕೇಳ್ಬಹುದು ಮಾರಾಯ್ರೇ," ಎಂದರು ವಕೀಲರು. "ಆದ್ರೆ ಈಗ ನಿಮ್ಗೆ ಕ್ವಾರ್ಟರ್ಸ್ ಇದೆ. ಇರೋವರೆಗೆ ನಿಮ್ಗೆ ಮನೆ ಬೇಕು ಅಂತ ಯಾರು ಒಪ್ತಾರೆ?"

"ಬಿಟ್ಟ ಮೇಲೆ?"

"ಬಿಟ್ಟ ಮೇಲೆ ಕೇಸು ಹಾಕಿದ್ರೆ ಎರಡು ಮೂರು ವರ್ಷ. ಅಲ್ಲೀವರೆಗೆ ಎಲ್ಲಿರ್ತೀರಿ?"

ಅಪ್ಪ ನನ್ನ ಮುಖ ನೋಡಿದ.

ಬಾಡಿಗೆದಾರರನ್ನು ಸುಮ್ಮಸುಮ್ಮನೆ ಬೀದಿಗೆ ತಳ್ಳಬಾರದೆಂದು ಮಾಡಿದ ಕಾನೂನು ಅದು, ಒಳ್ಳೆಯದೇ. ಮಾಲೀಕರಿಗೂ ಅದರಲ್ಲಿ ಒಂದೆರಡು ಸಣ್ಣ ಬಾಗಿಲು ಬಿಟ್ಟಿದ್ದರು. ಒಪ್ಪಿಗೆಯಿಲ್ಲದೆ ಕಟ್ಟಡವನ್ನು ಒಡೆದು ಬದಲಾಯಿಸಿದರೆ ಬಿಡಿಸಬಹುದೆಂಬುದು ಅಂಥ ಒಂದು ಬಾಗಿಲು. ವಕೀಲರು ಒಂದು ದಿನ ಮನೆ ನೋಡಲು ಹೊರಟರು. ಅಷ್ಟು ವರ್ಷಗಳಲ್ಲಿ ಅಪ್ಪ ಜಗಲಿ ದಾಟಿ ಒಳಗೆ ಹೋದವನಲ್ಲ. ವಕೀಲರು ಪಂಡಿತರ ಪೈಕಿಯವರೇ ಆದ್ದರಿಂದ ಕುಡಿಯಲು ನೀರು ಕೇಳುತ್ತ ಅಡುಗೆಮನೆಯ ಬಾಗಿಲಿನವರೆಗೆ ಹೋದರು. ಹಿಂದಿರುಗಿ ಬಂದಾಗ ಅವರ ಮುಖ ಅರಳಿತ್ತು.

"ನೆಲ ಅಗೆದಿದ್ದಾರೆ ರುದ್ರಪ್ಪನವ್ರೇ. ಒರಳು ಹೂಳಿಸ್ಕೊಂಡಿದ್ದಾರೆ. ನೀವು ಒಪ್ಪಿಗೆ ಕೊಟ್ಟಿದ್ರಾ?"

"ನಾನಾ? ಆ ನೆಲಕ್ಕೆ ಸಿಮೆಂಟು ಹಾಕಿದವನೇ ನಾನು," ಎಂದ ಅಪ್ಪ. ಅವನಿಗೆ ನಿಜವಾಗಿಯೂ ನೋವಾಗಿತ್ತು.

ಅರ್ಜಿಯನ್ನು ವಕೀಲರು ಹೇಳಿದರು, ನಾನು ಬರೆದೆ. ಋತುವರ್ಣನೆಗೆ ಇಲ್ಲಿ ಜಾಗವಿರಲಿಲ್ಲ. "ಮಾಲೀಕರಾಗಲಿ, ಅವರ ಕುಟುಂಬದ ಯಾರೊಬ್ಬರೇ ಆಗಲಿ ಅನುಮತಿ ಕೊಡದಿದ್ದರೂ, ಬಾಡಿಗೆದಾರರು ಅಡುಗೆಮನೆಯ ನೆಲವನ್ನು ಒಡೆದು" ಎಂದು ಹೇಳಿ ಅವರು ನಿಲ್ಲಿಸಿದರು. ನನ್ನ ಲೇಖನಿ "ಕುಟುಂಬದ" ಎಂಬಲ್ಲೇ ನಿಂತಿತ್ತು.

"ಏನಮ್ಮ, ಶಾಯಿ ಮುಗೀತಾ?"

"ಇಲ್ಲ ಸಾರ್" ಎಂದು ಹೇಳಿ ಮುಂದಕ್ಕೆ ಬರೆದೆ.

ಯಾಕೆ ಬರೆದೆ ಎಂದು ಆಮೇಲೆ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಮ್ಮನ ಗುಟ್ಟು ಅಪ್ಪನ ಮುಂದೆ ಒಡೆಯಬಾರದೆಂದು ಬರೆದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜವೆಂದರೆ ನನಗೂ ಆ ಮನೆ ಬೇಕಿತ್ತು. ರೈಲು ಹಿಡಿದು ಹಿಡಿದು ಸಾಕಾಗಿತ್ತು, ಬೀದಿಯ ಕಡೆ ಕಿಟಕಿಯಿದ್ದ ಕೋಣೆ ನನ್ನದೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಅಪ್ಪ ಬೇರೆ, ಕೋರ್ಟಿನ ವಿಷಯ ಮನೆಯಲ್ಲಿ ಎತ್ತಬೇಡವೆಂದು ಕಟ್ಟಪ್ಪಣೆ ಮಾಡಿದ್ದ. ಸಾವಿತ್ರಮ್ಮನೆಂದರೆ ಅಮ್ಮನಿಗೆ ಜೀವ, ಕೇಸೆಂದು ತಿಳಿದರೆ ಅದನ್ನು ಕೈಬಿಡಿಸುತ್ತಾಳೆ ಎಂದು ಅವನ ಭಯ. ನಮಗೆ ಮನೆ ಬೇಕೆಂದು ಕೇಳಿದ್ದೇವೆ ಎಂದಷ್ಟೇ ಅಮ್ಮನಿಗೆ ಗೊತ್ತಿತ್ತು. ಅಂದಿನಿಂದ ನಾನು ದುರ್ಗಿಗುಡಿಗೆ ಹೋಗುವುದನ್ನು ಬಿಟ್ಟು, ಕಾಲೇಜಿನ ಮರದ ಕೆಳಗೆ ಡಬ್ಬಿ ಬಿಚ್ಚತೊಡಗಿದೆ.

ವಿಚಾರಣೆಗೆ ಪಂಡಿತರು ವಕೀಲರಿಲ್ಲದೆ ಬಂದರು. ಕೋಟು, ಪೇಟ, ಕೈಯಲ್ಲಿ ಕೊಡೆ. ಕೂತಿದ್ದ ನಮ್ಮ ಕಡೆ ನೋಡಿ ಅಪ್ಪನಿಗೆ ನಮಸ್ಕಾರ ಮಾಡಿದರು. ಅಪ್ಪನೂ ಎದ್ದು ನಿಂತು ನಮಸ್ಕಾರ ಮಾಡಿದ. ನ್ಯಾಯಾಧೀಶರು ಕೇಳಿದರು, ನೆಲ ಅಗೆದದ್ದು ಹೌದೇ?

"ಹೌದು ಸ್ವಾಮಿ."

"ಒಪ್ಪಿಗೆ ತಗೊಂಡಿದ್ರಾ? ಮಾಲೀಕರದ್ದೋ, ಅವರ ಮನೆಯವರದ್ದೋ?"

ಪಂಡಿತರು ಒಮ್ಮೆ ನನ್ನನ್ನು ನೋಡಿದರು. ಒರಳಿನ ಜೊತೆ ಗಾಡಿಯಲ್ಲಿ ಬಂದವಳು ನಾನು. ಅಂದು ಅವರೇ ಬಾಗಿಲಿಗೆ ಬಂದು ನನ್ನ ಕೈ ಹಿಡಿದು ಇಳಿಸಿದ್ದರು. ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಿದರೆ ಕೇಸು ಅಲ್ಲಿಗೇ ಬಿದ್ದುಹೋಗುತ್ತಿತ್ತು, ಅಪ್ಪನಿಗೂ ಎಲ್ಲರೆದುರು ವಿಷಯ ತಿಳಿಯುತ್ತಿತ್ತು. ಹೇಳಲಿ ಎಂದು ಅರ್ಧ ಮನಸ್ಸು, ಬೇಡವೆಂದು ಇನ್ನರ್ಧ.

"ಒಪ್ಪಿಗೆ ಪತ್ರ ಅಂತ ನನ್ನ ಹತ್ರ ಏನೂ ಇಲ್ಲ ಸ್ವಾಮಿ," ಎಂದರು ಪಂಡಿತರು. "ಬೇರೆ ಹೇಳೋದೂ ಏನಿಲ್ಲ."

ಮನೆ ಬಿಡಲು ಮೂರು ತಿಂಗಳ ಗಡುವು ಕೊಟ್ಟು ಆದೇಶವಾಯಿತು. ಹೊರಗೆ ಬಂದು ವಕೀಲರು ಅಪ್ಪನ ಬೆನ್ನು ತಟ್ಟಿದರು. ಅಪ್ಪ ನನಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ. ನನಗೆ ಅದು ಸೇರಲಿಲ್ಲ. ನಾಚಿಕೆಯಾಗಿತ್ತು, ಅಷ್ಟೇ, ಅದಕ್ಕಿಂತ ದೊಡ್ಡ ಹೆಸರು ಅದಕ್ಕೆ ಬೇಡ.

ಪಂಡಿತರಿಗೆ ರವೀಂದ್ರನಗರದಲ್ಲಿ ಒಂದು ಮನೆ ಸಿಕ್ಕಿತು. ಹಸುವನ್ನು ಗಾಜನೂರಿನ ನೆಂಟರ ಮನೆಗೆ ಕಳಿಸಬೇಕಾಯಿತಂತೆ. ಅವರು ಬಿಡುವ ದಿನ ಬೀಗದ ಕೈ ತೆಗೆದುಕೊಳ್ಳಲು ಅಪ್ಪ, ಅಮ್ಮ, ನಾನು ಮೂವರೂ ಹೋದೆವು. ಸಾಮಾನಿನ ಗಾಡಿ ಬಾಗಿಲಲ್ಲಿತ್ತು. ಸಾವಿತ್ರಮ್ಮ ಮನೆಯನ್ನೆಲ್ಲ ಗುಡಿಸಿ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಹಾಕಿದ್ದರು. ಅಮ್ಮ ಅವರಿಗೆ ರವಿಕೆಯ ಕಣ, ಬಳೆ ತಂದಿದ್ದಳು. ಮಡಿಯ ಅತ್ತೆ ಆಗಲೇ ಮುಂದೆ ಹೋಗಿದ್ದರಿಂದ ಅಂದು ಮೊದಲ ಸಲ ನಾವು ಹೆಂಗಸರು ಮೂವರೂ ಆ ಅಡುಗೆಮನೆಯೊಳಗೆ ಒಟ್ಟಿಗೆ ನಿಂತೆವು.

"ಒರಳು ನೀನೇ ತಗೊಂಡ್ ಹೋಗು ಸಾವಿತ್ರಮ್ಮ," ಎಂದಳು ಅಮ್ಮ. "ನಾವು ಮೂರು ಜನ, ನಮಗೆ ಆ ಸಣ್ಣ ಕಲ್ಲು ಸಾಕು. ಗಾಡಿಯವ್ನು ಇದ್ದಾನಲ್ಲ, ಕೀಳಿಸ್ತೀನಿ."

"ಬೇಡಿ ಗೌರಮ್ಮನೋರೇ. ಆ ಮನೇಲಿ ನೆಲ ಅಗೆಯೋ ಹಾಗಿಲ್ಲ, ಮೊದ್ಲೇ ಬರೆಸ್ಕೊಂಡಿದ್ದಾರೆ. ಅಗೆದ್ರೆ ಏನಾಗುತ್ತೆ ಅಂತ ಗೊತ್ತಾಯ್ತಲ್ಲ."

"ಏನಾಗುತ್ತೆ?"

ಸಾವಿತ್ರಮ್ಮ ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅಮ್ಮನಿಗೆ ಏನೂ ಗೊತ್ತಿಲ್ಲವೆಂದು ಅವರಿಗೆ ಆಗಲೇ ಹೊಳೆದದ್ದು. "ಪಾರ್ವತಿ ಹೇಳ್ತಾಳೆ" ಎಂದು ಬೀಗದ ಕೈಯನ್ನು ಅಮ್ಮನ ಕೈಯಲ್ಲಿಟ್ಟು, ನನ್ನ ತಲೆಯ ಮೇಲೆ ಕೈಯಾಡಿಸಿ, ಹೊರಟುಹೋದರು. ಅವರು ಬೈದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ.

ಕೇಸು ಹಾಕಿದ್ದನ್ನು ಅಮ್ಮನಿಗೆ ಹೇಳಿದೆ. ಅಪ್ಪನ ಚೀಲದಲ್ಲಿ ಅರ್ಜಿಯ ನಕಲಿತ್ತು. ಅಮ್ಮ ಅದನ್ನು ತರಿಸಿ, ಒರಳಿನ ಪಕ್ಕದಲ್ಲೇ ನನ್ನನ್ನು ಕೂರಿಸಿ ಓದಿಸಿದಳು. ಆ ಜಾಗ ಬಂದಾಗ ನನ್ನ ದನಿ ಸಣ್ಣದಾಯಿತು.

"ಇನ್ನೊಂದ್ ಸಲ ಓದು."

ಓದಿದೆ. ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದ.

"ಯಾರೊಬ್ಬರೇ ಆಗಲಿ, ಅಂದ್ರೆ ನಾನೂ ಸೇರಿದ್ನಾ?"

"ಹೌದು."

"ಗಾಡೀಲಿ ಕಲ್ಲಿನ ಜೊತೆ ಹೋದವಳು ನೀನೇ ಅಲ್ವಾ?"

ಅಪ್ಪನಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನೀನು ನನ್ಗೆ ಹೇಳ್ಬೇಕಿತ್ತು" ಎಂದ ಅಮ್ಮನಿಗೆ.

"ನೀವು ಕೇಳ್ಬೇಕಿತ್ತು" ಎಂದಳು ಅಮ್ಮ.

ಮುಂದಿನ ಭಾನುವಾರ ಅಪ್ಪ ಒಬ್ಬನೇ ರವೀಂದ್ರನಗರಕ್ಕೆ ಹೋಗಿ ಬಂದ. ಪಂಡಿತರು ಏನೆಂದರು ಎಂದು ಕೇಳಿದ್ದಕ್ಕೆ, ಕಾಫಿ ಕೊಟ್ಟರು, ಎಂದ. ಆ ವಿಷಯದಲ್ಲಿ ಅವನು ಬದುಕಿರುವವರೆಗೂ ಆಡಿದ್ದು ಅಷ್ಟೇ ಮಾತು. ನಾವು ದುರ್ಗಿಗುಡಿಗೆ ಬಂದೆವು. ಕಿಟಕಿಯ ಕೋಣೆ ನನಗೆ ಸಿಕ್ಕಿತು, ಬೀದಿಯ ಗದ್ದಲಕ್ಕೆ ಅಲ್ಲಿ ಓದಲು ಆಗುತ್ತಿರಲಿಲ್ಲ. ಆದೇಶ ಆದೇಶವೇ, ಮನೆ ನಮ್ಮದೇ, ಯಾರೂ ಅದನ್ನು ವಾಪಸ್ಸು ಮಾಡುವ ಮಾತಾಡಲಿಲ್ಲ.

ಅಮ್ಮ ಮಾತ್ರ ಪ್ರತಿ ಗುರುವಾರ ಮಧ್ಯಾಹ್ನ ಸೆರಗು ಹೊದ್ದು ರವೀಂದ್ರನಗರಕ್ಕೆ ಹೋಗತೊಡಗಿದಳು. ಸಾವಿತ್ರಮ್ಮನ ಜೊತೆ ಹರಟೆಗೆಂದು ನಾವು ತಿಳಿದಿದ್ದೆವು. ಒಂದು ದಿನ ಅವಳ ಕೈಚೀಲದಲ್ಲಿ ಅ ಆ ಇ ಈ ತಿದ್ದಿದ್ದ ಸ್ಲೇಟು ಕಂಡಿತು.

"ನಾನೇ ಕಲಿಸ್ತಿದ್ನಲ್ಲ" ಎಂದೆ.

"ನಿನ್ನ ಹತ್ರ ಬೇಡ" ಎಂದಳು. ಕೋಪದಿಂದೇನೂ ಹೇಳಲಿಲ್ಲ.

ವರ್ಷದ ಮೇಲಾಗಿರಬೇಕು. ಒಂದು ಮಧ್ಯಾಹ್ನ ಅವಳು ಅಪ್ಪನ ಪೆಟ್ಟಿಗೆಯಿಂದ ಆ ನಕಲನ್ನು ತಾನೇ ಹುಡುಕಿ ತೆಗೆದು ನಡುಮನೆಯಲ್ಲಿ ಕೂತಳು. ಬೆರಳು ಇಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳುತ್ತ, ಮೊದಲ ಸಾಲಿನಿಂದ ಓದುತ್ತ ಬಂದಳು. ನಾನು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. "ಯಾರೊಬ್ಬರೇ ಆಗಲಿ" ಎಂಬಲ್ಲಿ ಬೆರಳು ನಿಂತಿತು. ನನ್ನ ಕಡೆ ಕೈ ಚಾಚಿ ಪೆನ್ಸಿಲ್ ಕೇಳಿದಳು, ಕೊಟ್ಟೆ. ಆ ಸಾಲಿನ ಕೆಳಗೆ ಸ್ವಲ್ಪ ಜಾಗವಿತ್ತು. ಅದರಲ್ಲಿ ಅವಳು ನಿಧಾನವಾಗಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಳು: ನಾನು ಕೊಟ್ಟಿದ್ದೆ. ಗೌರಮ್ಮ.